ಸಾಕುಹಕ್ಕಿಯ ರೆಕ್ಕೆ ಜೋತುಬಿದ್ದಾಗ: ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಫ್ಯಾನಿಗೆ ಬಡಿದು ಹಕ್ಕಿ ನೆಲಕ್ಕೆ ಬಿತ್ತು ಎಂದರೆ ಮನೆಯವರು ಮೊದಲು ಅದನ್ನು ಮುಷ್ಟಿಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ನೋಡುತ್ತಾರೆ, ಆಮೇಲೆ ಬಾಯಿಗೆ ನೀರು ಬಿಡುತ್ತಾರೆ, ಕೊನೆಗೆ ಬಟ್ಟೆ ಸುತ್ತಿ ಬಿಗಿಯುತ್ತಾರೆ. ಎಲ್ಲವೂ ಅಕ್ಕರೆಯಿಂದಲೇ ಆಗುವ ಕೆಲಸ. ಆದರೆ ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರಷ್ಟೇ ಅದಕ್ಕೆ ಉಸಿರು. ಎದೆ ಒತ್ತಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ. ಹೆದರಿದ ಹಕ್ಕಿಯ ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಮುರಿದ ರೆಕ್ಕೆಯೊಂದರಿಂದಲೇ ಹಕ್ಕಿ ಸಾಯುವುದು ಅಪರೂಪ. ಆಘಾತ, ರಕ್ತಸ್ರಾವ ಮತ್ತು ನಮ್ಮ ಅವಸರದಿಂದ ಸಾಯುವುದೇ ಹೆಚ್ಚು.

ಇಲ್ಲಿ ಹೇಳಿರುವುದು ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಹಕ್ಕಿಗಳ ಬಗ್ಗೆ: ಅಂಗಡಿಯವರು ಲವ್ ಬರ್ಡ್ಸ್ ಎಂದು ಮಾರುವ ಸಣ್ಣ ಗಿಳಿ ಬಜ್ಜಿ, ಜುಟ್ಟಿನ ಗಿಳಿ ಕಾಕಟೀಲ್, ಪಾರಿವಾಳ, ಕೋಳಿ, ಬಾತು.

ಏನೇ ಆಗಿರಲಿ, ಮೊದಲ ಅರ್ಧ ಗಂಟೆ

ರಕ್ತ ಸುರಿಯುತ್ತಿದ್ದರೆ ಮಾತ್ರ ಕೆಳಗಿನ ರಕ್ತದ ಭಾಗಕ್ಕೆ ನೇರವಾಗಿ ಹೋಗಿ. ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆ ಹುಡುಕಿ. ಬಜ್ಜಿಗೆ ಚಪ್ಪಲಿ ಪೆಟ್ಟಿಗೆ ಸಾಕು. ಪಾರಿವಾಳಕ್ಕೆ ಮಾವಿನ ಹಣ್ಣಿನ ಪೆಟ್ಟಿಗೆ ಒಳ್ಳೆಯದು, ಗಾಳಿಯ ತೂತುಗಳು ಮೊದಲೇ ಇರುತ್ತವೆ. ಹಕ್ಕಿ ತಿರುಗಲು ಜಾಗ ಇರಬೇಕು, ರೆಕ್ಕೆ ಬಡಿಯಲು ಇರಬಾರದು. ಅಡಿಗೆ ಹಳೆಯ ಹತ್ತಿ ಪಂಚೆಯ ತುಂಡು ಹಾಸಿ. ಬರೀ ಪೇಪರ್ ಹಾಸಿದರೆ ಕಾಲು ಜಾರುತ್ತದೆ, ಟರ್ಕಿ ಟವೆಲಿನ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಮುಚ್ಚಿ, ಟಿವಿ ಆರಿಸಿ, ಮಕ್ಕಳನ್ನೂ ಬೆಕ್ಕನ್ನೂ ಆಚೆ ಕಳಿಸಿ.

ಗಾಯಗೊಂಡ ಹಕ್ಕಿಗೆ 28ರಿಂದ 32 ಡಿಗ್ರಿ ಶಾಖ ಹಿತ. ಹಕ್ಕಿಯ ಮೈಬಿಸಿಯೇ 40 ಡಿಗ್ರಿಗೂ ಮೇಲಿರುವುದರಿಂದ ನಮಗೆ ಹದ ಅನ್ನಿಸುವ ಕೋಣೆ ಅದಕ್ಕೆ ಥಂಡಿ. ಮೇ ತಿಂಗಳಲ್ಲಿ ಕರಾವಳಿಯ ಮನೆಯೊಳಗೆ ಬೇರೆ ಶಾಖ ಬೇಡ. ಜುಲೈ ಮಳೆಯಲ್ಲಿ, ಶಿರಸಿ ಸಿದ್ದಾಪುರದ ಚಳಿಗಾಲದ ರಾತ್ರಿಯಲ್ಲಿ ಬೇಕೇ ಬೇಕು. 40 ವಾಟ್‌ನ ಹಳೆಯ ಬಿಸಿ ಬಲ್ಬನ್ನು ಪೆಟ್ಟಿಗೆಯ ಹೊರಗೆ, ಒಂದೇ ಬದಿಗೆ ಗೇಣು ದೂರದಲ್ಲಿ ಇಡಿ. ಸೆಖೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯುವಂತಿರಲಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಒರಗಿಸಿ, ಮೂರು ತಾಸಿಗೊಮ್ಮೆ ಬದಲಿಸಿ. ಬೆಚ್ಚಗಿದೆ ಎಂದು ಪೆಟ್ಟಿಗೆಯನ್ನು ಬಚ್ಚಲ ಒಲೆಯ ಪಕ್ಕ ಇಡುವುದು ಘಟ್ಟದ ಮೇಲಿನ ಮನೆಗಳಲ್ಲಿ ರೂಢಿ. ದಯವಿಟ್ಟು ಬೇಡ. ಹಕ್ಕಿಯ ಶ್ವಾಸಕೋಶ ಹೊಗೆಯನ್ನು ತಡೆಯದು.

ನೀರನ್ನು ಒಳಗೆ ಇಡಿ, ಕುಡಿಸಬೇಡಿ. ಪಾರಿವಾಳ ಕೊಕ್ಕು ಮುಳುಗಿಸಿ ಹೀರಿ ಕುಡಿಯುವುದರಿಂದ ಅದಕ್ಕೆ ಎರಡು ಮೂರು ಸೆಂ.ಮೀ. ಆಳದ ಬಟ್ಟಲು ಬೇಕು. ಬಜ್ಜಿಗೆ ಸೌತೆಕಾಯಿಯ ಒಂದು ಬಿಲ್ಲೆ ಸಾಕು.

ಮುಟ್ಟದೆ ನೋಡುವ ಪರೀಕ್ಷೆ

ಅರ್ಧ ಗಂಟೆ ಕಳೆದು ಮುಚ್ಚಳ ತೆಗೆದು ಹಕ್ಕಿಯನ್ನು ಹಿಂದಿನಿಂದ ನೋಡಿ. ಆರೋಗ್ಯವಂತ ಹಕ್ಕಿಯ ಎರಡೂ ರೆಕ್ಕೆಯ ತುದಿಗಳು ಬಾಲದ ಬುಡದ ಮೇಲೆ ಒಂದೇ ಎತ್ತರದಲ್ಲಿ ಬಂದು ಕೂಡುತ್ತವೆ. ಒಂದು ಕೆಳಗಿದೆಯೇ? ತುದಿ ಮಾತ್ರ ಇಳಿದಿದೆಯೋ, ಹೆಗಲಿನಿಂದಲೇ ಇಡೀ ರೆಕ್ಕೆ ಇಳಿದಿದೆಯೋ? ಹಕ್ಕಿ ಕೋಲಿನ ಮೇಲೆ ಕೂರುವಷ್ಟು ಚೇತರಿಸಿದ್ದರೆ, ಕೋಲನ್ನು ಹಾಸಿಗೆಯ ಮೇಲೆ ಗೇಣಿನೆತ್ತರದಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿ. ಸಮತೋಲ ಕಾಯಲು ಅದು ಎರಡೂ ರೆಕ್ಕೆ ತುಸು ಬಿಚ್ಚುತ್ತದೆ. ಆ ಒಂದು ಕ್ಷಣದಲ್ಲಿ ಯಾವುದು ಬಿಚ್ಚಲಿಲ್ಲ, ಯಾವುದು ಅರ್ಧಕ್ಕೆ ನಿಂತಿತು ಎಂಬುದು ಕಾಣುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವೈದ್ಯರ ಮೇಜಿನ ಮೇಲೆ ಹೆದರಿದ ಹಕ್ಕಿ ನೋವನ್ನು ಮುಚ್ಚಿಡುತ್ತದೆ, ವಿಡಿಯೊ ಮುಚ್ಚಿಡುವುದಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ತೂಕ ಬರೆದಿಡಿ. ಬಜ್ಜಿ ಸುಮಾರು 35 ಗ್ರಾಂ, ಕಾಕಟೀಲ್ 80ರಿಂದ 100, ಪಾರಿವಾಳ 300ರ ಆಚೀಚೆ. ಮುಂದಿನ ದಿನಗಳಲ್ಲಿ ಇದರ ಹತ್ತನೇ ಒಂದು ಪಾಲು ಇಳಿಯಿತೆಂದರೆ, ರೆಕ್ಕೆ ಹೇಗಿದ್ದರೂ, ಹಕ್ಕಿ ಅಪಾಯದಲ್ಲಿದೆ.

ಹಾರುವುದಿಲ್ಲ, ಆದರೆ ರೆಕ್ಕೆ ಸರಿಯಾಗಿಯೇ ಮಡಚಿದೆ

ಮೊದಲು ಗರಿ ನೋಡಿ. ಅಂಗಡಿಯಿಂದ ತಂದ ಹಕ್ಕಿಯ ಒಂದೇ ರೆಕ್ಕೆಯ ದೊಡ್ಡ ಗರಿಗಳನ್ನು ಕತ್ತರಿಸಿರುವುದು ಸಾಮಾನ್ಯ. ಗರಿಯ ತುದಿ ಕತ್ತರಿಯಿಂದ ಕೊಯ್ದಂತೆ ಚೌಕವಾಗಿದ್ದರೆ ಅದೇ ಕಾರಣ. ಒಂದು ಬದಿ ಕತ್ತರಿಸಿದ ಹಕ್ಕಿ ಬುಗುರಿಯಂತೆ ತಿರುಗಿ ಎದೆಯ ಮೇಲೆ ಬೀಳುತ್ತದೆ. ಔಷಧಿ ಇಲ್ಲ, ಗರಿ ಉದುರಿ ಹೊಸದು ಬರುವವರೆಗೆ, ಅಂದರೆ ಕೆಲವು ತಿಂಗಳು, ಎತ್ತರದ ಕೋಲುಗಳನ್ನು ತೆಗೆದಿಡಿ.

ಎರಡೂ ಬದಿಯ ದೊಡ್ಡ ಗರಿಗಳು ಒಟ್ಟಿಗೆ ಉದುರುತ್ತ, ಹೊಸವು ಸೊಟ್ಟಗೆ ಬರುತ್ತಿದ್ದರೆ, ಅದರಲ್ಲೂ ಬಜ್ಜಿ ಮರಿಗಳಲ್ಲಿ, ಅದು ಪೆಟ್ಟಲ್ಲ. ವೈರಸ್ ರೋಗವಿರಬಹುದು. ಆ ಹಕ್ಕಿಯನ್ನು ಬೇರೆ ಮಾಡಿ.

ರೆಕ್ಕೆ ನೋಡಲು ನೇರ, ಗರಿಯೂ ಪೂರ್ತಿ, ಆದರೂ ಹೆಗಲ ಮಟ್ಟಕ್ಕಿಂತ ಮೇಲೆತ್ತಲು ಆಗುತ್ತಿಲ್ಲ ಎಂದಾದರೆ ಅದು ಹಗುರವಾದ ವಿಷಯವಲ್ಲ. ಕಿಟಕಿಯ ಗಾಜಿಗೆ ಎದೆ ಬಡಿದ ಹಕ್ಕಿಯಲ್ಲಿ ಹೆಗಲಿಗೂ ಎದೆಯ ಎಲುಬಿಗೂ ಆಧಾರವಾಗಿ ನಿಲ್ಲುವ ಎಲುಬು ಮುರಿದಿರುತ್ತದೆ. ಕೈಗೆ ಸಿಗದು, ಎಕ್ಸ್‌ರೇ ಬೇಕು. ಸಮಾಧಾನದ ಸಂಗತಿ ಎಂದರೆ ಪೆಟ್ಟಿಗೆಯ ವಿಶ್ರಾಂತಿಯಿಂದಲೇ ಚೆನ್ನಾಗಿ ಕೂಡಿಕೊಳ್ಳುವ ಮುರಿತಗಳಲ್ಲಿ ಇದೂ ಒಂದು.

ಎರಡೂ ರೆಕ್ಕೆ ಜೋತಿವೆ

ಎರಡೂ ರೆಕ್ಕೆ ಒಟ್ಟಿಗೆ ಮುರಿಯುವುದು ತೀರಾ ಕಡಿಮೆ. ಇಲ್ಲಿ ಕಾರಣ ಬೇರೆಡೆ ಇರುತ್ತದೆ.

ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಸೆಖೆ. ಏಪ್ರಿಲ್ ಮೇಯಲ್ಲಿ ಶೀಟಿನ ಮಾಡಿನ ಕೆಳಗೆ ತೂಗು ಹಾಕಿದ ಗೂಡುಗಳಲ್ಲಿ ಇದೇ ಮೊದಲ ಅನುಮಾನ. ನೆರಳಿಗೆ ತನ್ನಿ, ಕಾಲಿಗೆ ಸಾದಾ ನೀರು ತಾಗಿಸಿ, ಐಸ್ ನೀರು ಬೇಡ.

ಹೆಣ್ಣು ಹಕ್ಕಿ ಗರಿ ಉಬ್ಬಿಸಿಕೊಂಡು ಗೂಡಿನ ನೆಲದಲ್ಲಿ ಕೂತಿದೆ, ಬಾಲ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿದೆ, ಹಿಂಭಾಗ ಉಬ್ಬಿದೆ ಎಂದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಇದು ಆ ದಿನವೇ ವೈದ್ಯರ ಬಳಿ ಹೋಗಬೇಕಾದ ತುರ್ತು. ಒತ್ತಿ ಮೊಟ್ಟೆ ತೆಗೆಯುವ ಪ್ರಯತ್ನ ಮಾಡಲೇಬೇಡಿ, ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ.

ಕೋಳಿಗೆ ರೆಕ್ಕೆ ಕಾಲು ಸೋತು, ಕತ್ತು ತಿರುಚಿ, ಹಸಿರು ಭೇದಿ ಆಗುತ್ತಿದ್ದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಪಾರಿವಾಳದಲ್ಲಿ ಇದೇ ಜಾತಿಯ ವೈರಸ್ ಕತ್ತು ತಿರುಚಿಸಿ ರೆಕ್ಕೆ ನಡುಗಿಸುತ್ತದೆ. ಎಳೆಯ ಕೋಳಿ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ರೆಕ್ಕೆ ಇಳಿಬಿಟ್ಟು ಮಲಗಿದರೆ ಮಾರೆಕ್ಸ್ ರೋಗದ ಅನುಮಾನ. ಯಾವುದೇ ಆದರೂ ಪಟ್ಟಿ ಕಟ್ಟುವುದು ವ್ಯರ್ಥ. ಹಿಂಡಿನಿಂದ ಬೇರ್ಪಡಿಸಿ, ಪಶು ಆಸ್ಪತ್ರೆಗೆ ತಿಳಿಸಿ. ಪಾರಿವಾಳದ ಮರಿ ಗುಟುಕು ಕೇಳುವಾಗ ರೆಕ್ಕೆ ನಡುಗಿಸುವುದು ಮಾತ್ರ ಸಹಜ, ಅದನ್ನು ಕಂಡು ಗಾಬರಿ ಬೇಡ.

ಗೂಡಿನಲ್ಲಿ ರಕ್ತ

ಹಕ್ಕಿಯ ಮೈಯಲ್ಲಿರುವ ರಕ್ತ ಅದರ ತೂಕದ ಸುಮಾರು ಹತ್ತನೇ ಒಂದು ಪಾಲು. 35 ಗ್ರಾಂ ಬಜ್ಜಿಯಲ್ಲಿ ಮೂರೂವರೆ ಮಿ.ಲೀ., ಅಂದರೆ ಒಂದು ಚಮಚೆಯೂ ತುಂಬದು. ಇಪ್ಪತ್ತು ಹನಿಗೆ ಸುಮಾರು ಒಂದು ಮಿ.ಲೀ. ಆರೇಳು ಹನಿ ಹೋದರೆ ತಡೆದುಕೊಳ್ಳುತ್ತದೆ. ಇಪ್ಪತ್ತು ಹನಿ ಹೋದರೆ ಜೀವಕ್ಕೆ ಕುತ್ತು. ಅದಕ್ಕೇ ರಕ್ತ ಕಂಡಾಗ ಮಾತ್ರ ಕಾಯಬೇಡಿ.

ಬಹಳ ಸಲ ರಕ್ತ ಬರುವುದು ಎಲುಬಿನಿಂದಲ್ಲ, ಮುರಿದ ಎಳೆಗರಿಯಿಂದ. ಹೊಸದಾಗಿ ಮೂಡುವ ಗರಿಯ ಕೊಳವೆಯಲ್ಲಿ ರಕ್ತ ಓಡುತ್ತಿರುತ್ತದೆ. ಬಲಿತ ಗರಿಯ ದಂಟು ಬೆಳ್ಳಗೆ ಪೊಳ್ಳಾಗಿದ್ದರೆ ಇದು ಶಾಯಿ ತುಂಬಿದ ಪೆನ್ನಿನ ರೀಫಿಲ್ಲಿನಂತೆ ನೀಲಿಗಪ್ಪಾಗಿ ಕಾಣುತ್ತದೆ. ಕಾಕಟೀಲ್ ಹಕ್ಕಿ ರಾತ್ರಿ ಗುಡುಗಿಗೋ, ಗೂಡಿನ ಮೇಲೆ ಓಡಿದ ಇಲಿಗೋ ಬೆಚ್ಚಿ ಕತ್ತಲಲ್ಲಿ ಸರಳಿಗೆ ಬಡಿದುಕೊಂಡಾಗ ಮುರಿಯುವುದು ಇದೇ ಗರಿ. ಬೆಳಿಗ್ಗೆ ನೋಡಿದರೆ ಗೋಡೆಗೆಲ್ಲ ರಕ್ತ ಸಿಡಿದಿರುತ್ತದೆ, ಹಕ್ಕಿ ಮಾತ್ರ ಕೋಲಿನ ಮೇಲೆ ಕೂತಿರುತ್ತದೆ.

ತೆಳು ಬಟ್ಟೆಯಲ್ಲಿ ಹಕ್ಕಿಯನ್ನು ಹಿಡಿಯಿರಿ. ಹೆಬ್ಬೆರಳು ಮತ್ತು ತೋರುಬೆರಳು ದವಡೆಯ ಎರಡು ಬದಿಗೆ, ಅಂಗೈ ಬೆನ್ನಿಗೆ, ಎದೆಯ ಮೇಲೆ ಏನೂ ಇರಬಾರದು. ಕಾರ್ನ್‌ಫ್ಲೋರ್ ಅಥವಾ ಗೋಧಿಹಿಟ್ಟನ್ನು ಗರಿಯ ಮುರಿದ ತುದಿಗೆ ಮೆತ್ತಿ, ಮೂರರಿಂದ ಐದು ನಿಮಿಷ ಬೆರಳಿನಿಂದ ಒತ್ತಿ. ನಡುವೆ ತೆಗೆದು ನೋಡಬೇಡಿ, ಕಟ್ಟಿದ ಹೆಪ್ಪು ಕಿತ್ತುಹೋಗುತ್ತದೆ. ಚರ್ಮದ ತೆರೆದ ಗಾಯಕ್ಕೆ ಹಿಟ್ಟು ಹಾಕಬಾರದು, ಅಲ್ಲಿ ಶುದ್ಧ ಗಾಜ್ ಬಟ್ಟೆ ಒತ್ತಿದರೆ ಸಾಕು. ಹತ್ತು ನಿಮಿಷಕ್ಕೂ ನಿಲ್ಲದಿದ್ದರೆ ಒತ್ತಿಕೊಂಡೇ ವೈದ್ಯರ ಬಳಿ ಹೊರಡಿ. ಎಳೆಗರಿಯನ್ನು ಇಕ್ಕಳದಿಂದ ಕೀಳುವ ಪದ್ಧತಿ ಹಳೆಯದು; ಅಭ್ಯಾಸವಿಲ್ಲದ ಕೈ ಗರಿಯ ಜೊತೆ ಅದರ ಬೇರನ್ನೂ ಹಾಳು ಮಾಡುತ್ತದೆ, ಸಣ್ಣ ಹಕ್ಕಿಯ ಎಲುಬನ್ನೇ ಮುರಿದುಬಿಡಬಹುದು. ವೈದ್ಯರಿಗೆ ಬಿಡಿ.

ಮತ್ತೆ ಆಗದಂತೆ ತಡೆಯುವುದು ಸುಲಭ: ರಾತ್ರಿ ಒಂದು ಜೀರೋ ಬಲ್ಬ್, ಮಳೆಗಾಲದಲ್ಲಿ ಕರೆಂಟ್ ಹೋದರೂ ಉರಿಯುವ ಸಣ್ಣ ಚಾರ್ಜಿಂಗ್ ದೀಪ.

ಒಂದೇ ರೆಕ್ಕೆ ಜೋತಿದೆ

ಹಕ್ಕಿಯ ರೆಕ್ಕೆ ನಮ್ಮ ಕೈಯಂತೆಯೇ. ಹೆಗಲಿನಿಂದ ಮೊಣಕೈವರೆಗೆ ತೋಳಿನ ಒಂದು ಎಲುಬು, ಅಲ್ಲಿಂದ ಮಣಿಕಟ್ಟಿನವರೆಗೆ ಮುಂಗೈಯ ಎರಡು, ಆಮೇಲೆ ಕೂಡಿಕೊಂಡ ಅಂಗೈ ಎಲುಬು. ಜೋತ ಬಗೆಯಿಂದ ಪೆಟ್ಟಿನ ಜಾಗವನ್ನು ಅಂದಾಜು ಮಾಡಬಹುದು. ತುದಿ ಮಾತ್ರ ಇಳಿದು ಮೊಣಕೈ ಮೈಗೆ ಅಂಟಿಕೊಂಡಿದ್ದರೆ ತೊಂದರೆ ಹೆಚ್ಚಾಗಿ ಮಣಿಕಟ್ಟು, ಅಂಗೈ ಅಥವಾ ಮುಂಗೈಯಲ್ಲಿ. ಇಡೀ ರೆಕ್ಕೆ ಸೋತು, ತಿರುಚಿದಂತಾಗಿ ನೆಲಕ್ಕೆ ಎಳೆಯುತ್ತಿದ್ದರೆ ತೋಳಿನ ಎಲುಬು. ಯಾವ ಮುರಿತವೂ ಸಿಗುತ್ತಿಲ್ಲ, ಊತವಿಲ್ಲ, ಮುಟ್ಟಿದರೂ ಹಕ್ಕಿಗೆ ಗೊತ್ತೇ ಆಗದಂತೆ ರೆಕ್ಕೆ ನೇತಾಡುತ್ತಿದೆ ಎಂದರೆ ನರಕ್ಕೆ ಪೆಟ್ಟು; ಇದು ಗುಣವಾಗಲು ವಾರಗಳು ಬೇಕು, ಕೆಲವು ಆಗುವುದೇ ಇಲ್ಲ.

ಹಕ್ಕಿ ಶಾಂತವಾಗಿದ್ದರೆ, ಇನ್ನೊಬ್ಬರು ಹಿಡಿದುಕೊಂಡಾಗ ಮೊದಲು ಒಳ್ಳೆಯ ರೆಕ್ಕೆಯನ್ನು ಬೆರಳ ತುದಿಯಿಂದ ಸವರಿ ಅದರ ರೂಪ ಮನಸ್ಸಿಗೆ ತಂದುಕೊಳ್ಳಿ. ಆಮೇಲೆ ನೋವಿನದು, ಹೆಗಲಿನಿಂದ ತುದಿಯ ಕಡೆಗೆ. ಬಿಸಿ, ಊತ, ಮೊನೆಯಂಥದ್ದು, ಮರಳು ಉಜ್ಜಿದಂತೆ ಕರಕರ ಎನ್ನುವುದು: ಇವುಗಳಲ್ಲಿ ಒಂದು ಸಿಕ್ಕಿತೋ ಅಲ್ಲಿಗೇ ನಿಲ್ಲಿಸಿ. ಮತ್ತೊಮ್ಮೆ ಖಚಿತ ಮಾಡಿಕೊಳ್ಳಲು ಹೋಗಬೇಡಿ. ಎಲುಬಿನ ಚೂಪು ತುದಿ ಪ್ರತಿ ಸಲವೂ ಒಳಗಿನ ನರ, ರಕ್ತನಾಳ ಕೊಯ್ಯುತ್ತದೆ. ಒಂದೇ ನಿಮಿಷ ಈ ಪರೀಕ್ಷೆಗೆ ಸಾಕು. ಬಜ್ಜಿಯಷ್ಟು ಸಣ್ಣ ಹಕ್ಕಿಗೆ ಇದನ್ನು ಮಾಡದಿರುವುದೇ ಲೇಸು.

ಮುರಿತ ಸಿಗದೆ, ರೆಕ್ಕೆ ಸ್ವಲ್ಪವೇ ಇಳಿದು, ಹಕ್ಕಿ ತಿನ್ನುತ್ತಿದ್ದರೆ ಉಳುಕು ಇರಬಹುದು. ಸಣ್ಣ ಗೂಡಿನ ವಿಶ್ರಾಂತಿಯಲ್ಲಿ ಉಳುಕು ಒಂದೆರಡು ದಿನದಲ್ಲೇ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. 24 ತಾಸಿನಲ್ಲಿ ಕಿಂಚಿತ್ತೂ ಸುಧಾರಣೆ ಇಲ್ಲದಿದ್ದರೆ ಮುರಿತ ಎಂದೇ ತಿಳಿಯಿರಿ.

ಈ 24 ತಾಸಿನ ಲೆಕ್ಕಕ್ಕೆ ಕಾರಣವಿದೆ. ಹಕ್ಕಿಯ ಎಲುಬು ಬಹಳ ಬೇಗ ಕೂಡುತ್ತದೆ. ಎರಡು ಮೂರು ವಾರದಲ್ಲಿ ಗಟ್ಟಿ, ನಾಲ್ಕೈದು ದಿನಕ್ಕೇ ಅಂಟು ಹಿಡಿಯಲು ಶುರು. ಒಂದು ವಾರ ನೋಡೋಣ ಎಂದು ಕೂತರೆ ಅಷ್ಟರಲ್ಲಿ ಅದು ಸೊಟ್ಟಗೆ ಕೂಡಿರುತ್ತದೆ, ಆಮೇಲೆ ಯಾರೂ ನೆಟ್ಟಗೆ ಮಾಡಲಾರರು. ಮೊದಲ ಎರಡು ಮೂರು ದಿನದೊಳಗೆ ವೈದ್ಯರ ಕೈಗೆ ಸಿಕ್ಕ ಹಕ್ಕಿಗೆ ಮತ್ತೆ ಹಾರುವ ಅವಕಾಶ ಜಾಸ್ತಿ. ಮುಂಗೈಯ ಎರಡರಲ್ಲಿ ಒಂದೇ ಎಲುಬು ಮುರಿದಿದ್ದರೆ ಇನ್ನೊಂದೇ ದಬ್ಬೆಯಾಗಿ ಕೆಲಸ ಮಾಡುತ್ತದೆ, ಅದು ಚೆನ್ನಾಗಿ ಗುಣವಾಗುತ್ತದೆ. ಕೀಲಿನ ಪಕ್ಕದ ಮುರಿತಕ್ಕೆ ಅಷ್ಟು ಭರವಸೆ ಕೊಡಲಾಗದು.

ಪೆಟ್ಟೇ ಬಿದ್ದಿಲ್ಲ, ಗೂಡಿನೊಳಗೇ ಮುರಿಯಿತು ಎನ್ನುವವರು ಆಹಾರದ ಕಡೆ ನೋಡಬೇಕು. ಬರೀ ನವಣೆ ತಿನ್ನುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನೇ ಕಾಣದ ಹಕ್ಕಿಯ ಎಲುಬು ಸುಣ್ಣದಂಶವಿಲ್ಲದೆ ಮೆತ್ತಗಾಗಿರುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ನುಗ್ಗೆಸೊಪ್ಪು ಕೊಡಿ. ಕರಾವಳಿಯವರಿಗೆ ಕಡಲ ನೊರೆ, ಅಂದರೆ ಕಟ್ಲ್‌ಫಿಶ್‌ನ ಒಳಮೂಳೆ, ದಂಡೆಯಲ್ಲೇ ಸಿಗುತ್ತದೆ: ಬಿಳಿ ದೋಣಿಯಂಥ ಆ ಮೂಳೆಯನ್ನು ಎರಡು ದಿನ ಸಿಹಿನೀರಿನಲ್ಲಿ, ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿ, ಬಿಸಿಲಲ್ಲಿ ಒಣಗಿಸಿ, ಮೆತ್ತನೆಯ ಬದಿ ಒಳಗೆ ಬರುವಂತೆ ಸರಳಿಗೆ ಕಟ್ಟಿ.

ಎಲುಬು ಹೊರಗೆ ಬಂದಿದೆ, ಅಥವಾ ಬೆಕ್ಕು ಕಚ್ಚಿದೆ

ಇವೆರಡೂ ಮನೆಯ ಚಿಕಿತ್ಸೆಯ ಗಡಿ ದಾಟಿದವು.

ತೆರೆದ ಮುರಿತಕ್ಕೆ ಮೆಡಿಕಲ್ ಅಂಗಡಿಯ ನಾರ್ಮಲ್ ಸಲೈನಿನಲ್ಲಿ ತೋಯಿಸಿ ಹಿಂಡಿದ ಗಾಜ್ ಮುಚ್ಚಿ ಹೊರಡಿ. ಸಲೈನ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಗಾಯ ತೋಳಿನ ಎಲುಬಿನದಾಗಿದ್ದರೆ ನೀರು ಸುರಿದು ತೊಳೆಯಬಾರದು. ಆ ಎಲುಬು ಪೊಳ್ಳು, ಅದರ ಒಳಗಿನ ಗಾಳಿ ಉಸಿರಿನ ಚೀಲಕ್ಕೆ ನೇರ ಸೇರುತ್ತದೆ. ಗಾಯಕ್ಕೆ ಸುರಿದ ನೀರು ಉಸಿರಾಟದ ದಾರಿಗೇ ಹೋಗುತ್ತದೆ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ, ಒಣಗಲೂ ಬಿಡಬೇಡಿ.

ಬೆಕ್ಕಿನ ಹಲ್ಲಿನ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಅದರ ಬಾಯಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಹಕ್ಕಿಯ ರಕ್ತಕ್ಕೇರಿ ಕೊಲ್ಲುತ್ತದೆ. ಹಕ್ಕಿ ಚುರುಕಾಗಿದೆ ಎಂದು ನಂಬಬೇಡಿ, ಆ ದಿನವೇ ಆಂಟಿಬಯಾಟಿಕ್ ಶುರುವಾಗಬೇಕು.

ಮಳೆಗಾಲದಲ್ಲಿ ನೊಣ ಕೂತು ಗಾಯದಲ್ಲಿ ಹುಳ ಆಗುವುದು ಬೇಗ. ದನದ ಹುಣ್ಣಿಗೆ ಹಾಕುವ ಟರ್ಪೆಂಟೈನ್ ಕೊಟ್ಟಿಗೆಯಲ್ಲಿ ಇರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಹಕ್ಕಿಗೆ ಅದು ವಿಷ. ಚಿಮಟಿಗೆಯಿಂದ ಹುಳಗಳನ್ನು ಒಂದೊಂದಾಗಿ ತೆಗೆಯಿರಿ, ಉಳಿದದ್ದು ವೈದ್ಯರು ನೋಡುತ್ತಾರೆ. ಡೆಟಾಲ್, ಬಾಮ್, ಕೊಬ್ಬರಿ ಎಣ್ಣೆ, ಮನುಷ್ಯರ ನೋವಿನ ಜೆಲ್ ಯಾವುದೂ ಬೇಡ. ಎಣ್ಣೆ ತಾಗಿದ ಗರಿ ಮೈಬಿಸಿ ಹಿಡಿದಿಡದು. ಜೆಲ್‌ಗಳಲ್ಲಿರುವ ಡೈಕ್ಲೋಫಿನಾಕ್ ರಣಹದ್ದುಗಳನ್ನು ಸಾಲುಸಾಲಾಗಿ ಕೊಂದ ಔಷಧ. 2006ರಲ್ಲಿ ಪಶುಗಳ ಬಳಕೆಗೆ ಅದನ್ನು ನಿಷೇಧಿಸಿದ್ದೇ ಆ ಕಾರಣಕ್ಕೆ.

ಚರ್ಮ ಹಸಿರಾಗಿದೆ

ಪೆಟ್ಟು ಬಿದ್ದ ಎರಡು ಮೂರನೇ ದಿನ ರೆಕ್ಕೆಯ ಚರ್ಮ ಹಸಿರಾದುದನ್ನು ಕಂಡು ಕೊಳೆಯಿತು ಎಂದು ಅಳುವವರಿದ್ದಾರೆ. ನಮ್ಮ ಕಂದಿದ ಚರ್ಮ ನೀಲಿಯಾಗಿ ಹಳದಿಗೆ ತಿರುಗುತ್ತದೆ. ಹಕ್ಕಿಯ ದೇಹ ಸೋರಿದ ರಕ್ತದ ಬಣ್ಣವನ್ನು ಹಸಿರಿನ ಹಂತದಲ್ಲೇ ನಿಲ್ಲಿಸುತ್ತದೆ. ಕೆಲವೇ ದಿನದಲ್ಲಿ ಮಾಯುತ್ತದೆ. ಚರ್ಮ ಕಪ್ಪಾಗಿ, ತಣ್ಣಗಾಗಿ, ಒಣಗಿ ಅಥವಾ ನಾರುತ್ತಿದ್ದರೆ ಮಾತ್ರ ಕೊಳೆತ.

ನಿಧಾನವಾಗಿ ಬೆಳೆದ ಗಂಟು

ಪೆಟ್ಟಿಲ್ಲದೆ ವಾರಗಟ್ಟಲೆ ಬೆಳೆದ ಗಂಟು ಮುರಿತವಲ್ಲ. ಪಾರಿವಾಳದ ರೆಕ್ಕೆಯ ಕೀಲು ಊದಿದರೆ ಸಾಲ್ಮೊನೆಲ್ಲಾ ಸೋಂಕಿನ ಅನುಮಾನ, ಬಜ್ಜಿ ಕಾಕಟೀಲ್‌ನ ರೆಕ್ಕೆತುದಿಯ ಹಳದಿ ಗಂಟು ಕೊಬ್ಬಿನದು. ಒಡೆಯಬೇಡಿ. ಬಾತುಮರಿಯ ರೆಕ್ಕೆಯ ತುದಿ ಹೊರಕ್ಕೆ ತಿರುಗಿದ್ದರೆ ಅತಿಯಾದ ಆಹಾರದಿಂದ ಗರಿ ಎಲುಬಿಗಿಂತ ಬೇಗ ಭಾರವಾದದ್ದು. ಮರಿ ಎಳೆಯದಿದ್ದಾಗ ರೆಕ್ಕೆಯನ್ನು ಮಡಚಿ ಪೇಪರ್ ಟೇಪಿನಲ್ಲಿ ನಾಲ್ಕೈದು ದಿನ ಹಿಡಿದಿಟ್ಟು, ಕೋಳಿ ಫೀಡ್ ಕಡಿಮೆ ಮಾಡಿ ಸೊಪ್ಪು ಹೆಚ್ಚಿಸಿದರೆ ಸರಿಹೋಗುತ್ತದೆ. ಬಲಿತ ಮೇಲೆ ಹೋಗದು.

ಕಟ್ಟಲೇಬೇಕಾದಾಗ

ಆಸ್ಪತ್ರೆ ತಲುಪಲು ತಡವಾಗುತ್ತದೆ, ರೆಕ್ಕೆ ನೇತಾಡಿ ಹಕ್ಕಿಯ ಕಾಲಿಗೇ ಸಿಕ್ಕುತ್ತಿದೆ ಎಂದರೆ ಮಾತ್ರ ಕಟ್ಟಿ. ಅದೂ ಪಾರಿವಾಳ, ಕೋಳಿಯಷ್ಟು ದೊಡ್ಡದಕ್ಕೆ. ಬಜ್ಜಿಗೆ ಪೆಟ್ಟಿಗೆಯೇ ಪಟ್ಟಿ.

ತನಗೆ ತಾನೇ ಅಂಟುವ ಬ್ಯಾಂಡೇಜ್ ಅಥವಾ ಅರ್ಧ ಇಂಚಿನ ಮೈಕ್ರೋಪೋರ್ ಪೇಪರ್ ಟೇಪ್ ಬೇಕು. ಸೆಲ್ಲೋಟೇಪ್, ಬಟ್ಟೆಯ ಪ್ಲಾಸ್ಟರ್ ಗರಿಗಳನ್ನು ಕಿತ್ತುಕೊಂಡೇ ಬರುತ್ತವೆ. ರೆಕ್ಕೆಯನ್ನು ಸಹಜವಾಗಿ ಮಡಚಿ. ಮಣಿಕಟ್ಟಿಗೆ ಒಂದು ಸುತ್ತು, ಅಲ್ಲಿಂದ ಮಡಚಿದ ಗರಿಗಳ ಮೇಲೆ ಓರೆಯಾಗಿ ಕಂಕುಳಿನವರೆಗೆ ತಂದು ಮೊಣಕೈ ಸೇರಿಸಿ ಇನ್ನೊಂದು ಸುತ್ತು, ಮತ್ತೆ ಮಣಿಕಟ್ಟಿಗೆ. ಎಂಟರ ಆಕಾರ ಆಗಬೇಕು. ಮುಂಗೈ, ಅಂಗೈ ಮುರಿತಕ್ಕೆ ಇಷ್ಟು ಸಾಕು. ತೋಳಿನ ಮುರಿತವಾದರೆ ಆ ರೆಕ್ಕೆಯನ್ನು ಮೈಗೆ ಸೇರಿಸಿ ಇನ್ನೊಂದು ಪಟ್ಟಿ ಹಾಕಬೇಕು: ಕಾಲುಗಳ ಮುಂದೆ, ಒಳ್ಳೆಯ ರೆಕ್ಕೆಯ ಕೆಳಗಿನಿಂದ, ಆ ರೆಕ್ಕೆ ಬಿಡಿಯಾಗಿ ಉಳಿಯುವಂತೆ. ಪಟ್ಟಿಯ ಅಡಿಯಲ್ಲಿ ಕಿರುಬೆರಳು ಸರಾಗವಾಗಿ ಹೋಗಬೇಕು. ಕಟ್ಟಿ ಹತ್ತು ನಿಮಿಷ ಕಣ್ಣಿಟ್ಟು ನೋಡಿ. ಬಾಯಿ ತೆರೆಯಿತು, ಬಾಲ ಪಂಪಿನಂತೆ ಆಡಿತು ಎಂದರೆ ಆ ಕ್ಷಣವೇ ಕತ್ತರಿಸಿ. ಈ ಕಟ್ಟು ದಾರಿಯ ಮಟ್ಟಿಗೆ ಮಾತ್ರ. ವಾರಗಟ್ಟಲೆ ಬಿಟ್ಟರೆ ಹೆಗಲಿನಿಂದ ಮಣಿಕಟ್ಟಿಗೆ ಇರುವ ಚರ್ಮದ ಪೊರೆ ಕುಗ್ಗಿ, ಎಲುಬು ಕೂಡಿದರೂ ರೆಕ್ಕೆ ಬಿಚ್ಚದಂತಾಗುತ್ತದೆ.

ಎಲ್ಲಿಗೆ ಒಯ್ಯುವುದು

ತಾಲ್ಲೂಕಿನ ಪಶು ಆಸ್ಪತ್ರೆಗೆ ಮೊದಲು ಫೋನ್ ಮಾಡಿ. ಹಕ್ಕಿಯ ಎಕ್ಸ್‌ರೇ ಆಗುತ್ತದೆಯೇ, ಐಸೋಫ್ಲುರೇನ್ ಗ್ಯಾಸಿನ ಅರಿವಳಿಕೆ ಇದೆಯೇ ಎಂದು ಕೇಳಿ. ನೋವಿಗೆ ಮೆಲಾಕ್ಸಿಕಾಮ್, ಸೋಂಕಿಗೆ ಆಂಟಿಬಯಾಟಿಕ್ ಅಲ್ಲೇ ಸಿಕ್ಕರೂ ಮೊದಲ ದಿನಕ್ಕೆ ದೊಡ್ಡ ಉಪಕಾರ. ಶಸ್ತ್ರಚಿಕಿತ್ಸೆ ಬೇಕಾದರೆ ಶಿರಸಿಯವರು ಹುಬ್ಬಳ್ಳಿಯ ಕಡೆ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ, ಭಟ್ಕಳದವರು ಮಂಗಳೂರಿನ ಕಡೆ ವಿಚಾರಿಸಬೇಕು. ಕಾರವಾರದವರಿಗೆ ಹುಬ್ಬಳ್ಳಿಗಿಂತ ಗೋವಾದ ಮಡಗಾಂವ್ ಹತ್ತಿರ. ಮಳೆಗಾಲದಲ್ಲಿ ದೇವಿಮನೆ, ಅರಬೈಲ್ ಘಟ್ಟದ ದಾರಿ ತೆರೆದಿದೆಯೇ ಎಂದು ಹೊರಡುವ ಮೊದಲೇ ತಿಳಿದುಕೊಳ್ಳಿ. ಪೆಟ್ಟಿಗೆ ತೊಡೆಯ ಮೇಲಿರಲಿ, ಬಸ್ಸಿನ ನೆಲದ ಅದುರು ಮುರಿದ ಎಲುಬಿಗೆ ಹಿಂಸೆ.

ತೋಟದಲ್ಲಿ ಬಿದ್ದು ಸಿಕ್ಕ ಗಿಳಿ, ಗೂಬೆ, ಹದ್ದುಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನೂ ಸಾಕುವಂತಿಲ್ಲ. ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಯಾವ ಹಕ್ಕಿಯನ್ನು ಮುಟ್ಟಿದರೂ ಸೋಪಿನಿಂದ ಕೈ ತೊಳೆಯಿರಿ. ಒಣ ಹಿಕ್ಕೆ ಗುಡಿಸುವಾಗ ಮೂಗಿಗೆ ಬಟ್ಟೆ ಇರಲಿ.

ಮನೆಗೆ ಮರಳಿದ ಮೇಲೆ

ಮೂರು ವಾರ ಸಣ್ಣ ಗೂಡು. ಕೋಲು ನೆಲದಿಂದ ಮೂರು ಬೆರಳು ಎತ್ತರಕ್ಕೆ, ಕಾಳು ನೀರು ಅದರ ಬುಡದಲ್ಲೇ. ಜೊತೆಯ ಹಕ್ಕಿಯನ್ನು ಬೇರೆ ಗೂಡಿನಲ್ಲಿಟ್ಟು ದನಿ ಕೇಳುವಷ್ಟು ಹತ್ತಿರ ಇಡಿ. ಒಂಟಿಯಾದ ಹಕ್ಕಿ ತಿನ್ನುವುದನ್ನೇ ಬಿಡುತ್ತದೆ. ದಿನಾ ಬೆಳಿಗ್ಗೆ ತೂಕ, ಹಿಕ್ಕೆಯ ಬಣ್ಣ. ಹಿಕ್ಕೆ ಚಿಕ್ಕದಾಗಿ ಕಡುಹಸಿರಾದರೆ ಹೊಟ್ಟೆಗೆ ಹೋಗುತ್ತಿಲ್ಲ ಎಂದರ್ಥ. ವೈದ್ಯರು ಕಟ್ಟಿದ ಪಟ್ಟಿಯ ಕೆಳಗೆ ಊತ, ವಾಸನೆ, ಹಕ್ಕಿ ಅದನ್ನೇ ಕುಕ್ಕುವುದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ.

ಪಟ್ಟಿ ಬಿಚ್ಚಿದ ಮರುದಿನವೇ ಹಾರಿಸಬೇಡಿ. ಮೂರು ವಾರ ಆಡದ ಸ್ನಾಯು ಸೊರಗಿರುತ್ತದೆ. ಮೊದಲ ವಾರ ಗೇಣೆತ್ತರದ ಕೋಲಿನಿಂದ ಹಾಸಿಗೆಗೆ ಇಳಿಯಲಿ, ಆಮೇಲೆ ಮಂಚದ ಎತ್ತರ, ಆಮೇಲೆ ಕೋಣೆಯ ಉದ್ದ. ಕಿಟಕಿಯ ಗಾಜಿಗೆ ಪರದೆ ಎಳೆಯಿರಿ. ಆ ಕೋಣೆಯ ಫ್ಯಾನಿನ ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಹೊರಗಿನಿಂದ ಸೆಖೆಯಲ್ಲಿ ಬಂದವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.